ಕೇಳಬಾರದ ಗುಡ್ಡ

ಜಪಾನಿನ ಪಡುವಣ ಕರಾವಳಿಯಲ್ಲೊಂದು ಗುಡ್ಡ. ಅದರ ನೆತ್ತಿಯ ಮೇಲೆ ಚಂದ್ರದೇವರ ಶಿಂಟೊ ಗುಡಿ. ಮರದ ಹೆಬ್ಬಾಗಿಲು ದಾಟಿ, ಕೈಬಾಯಿ ತೊಳೆದು ಮೆಟ್ಟಿಲು ಹತ್ತಿದರೆ, ಬಿದಿರಿನ ತೆರೆಯ ಹಿಂದಿನಿಂದ ಒಂದು ಕೈ ಗಂಜಿಯ ಬಟ್ಟಲು ಚಾಚುತ್ತದೆ. ಕುಡಿಯಬೇಕು, ಬೇಯಿಸಿದವರು ಯಾರೆಂದು ಮಾತ್ರ ಕೇಳಕೂಡದು. ಬೇಡವೆಂದಷ್ಟೂ ಕೇಳುವ ಚಪಲ ಹೆಚ್ಚುತ್ತದೆ, ಏನು ಮಾಡುವುದು! ಊರವರು ಇದನ್ನು ಕೇಳಬಾರದ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಹಿರೊತ್ಸುಗು ಎಂಬ ಅರ್ಚಕನಿದ್ದ. ಮಡಿಯೆಂದರೆ ಅವನದೇ ಮಡಿ. ನೈವೇದ್ಯ ತಂದವರನ್ನೆಲ್ಲ "ಯಾರು ಬೇಯಿಸಿದ್ದು?" ಎಂದು ಕೇಳಿಯೇ ಒಳಗೆ ಬಿಡುತ್ತಿದ್ದ. ಅವನ ದೇವರೂ ಅಂಥವನೇ ಅಂತೆ: ಅನ್ನದ ದೇವತೆ ತನ್ನ ಬಾಯಿಂದಲೇ ಅನ್ನ, ಮೀನು ತೆಗೆದು ಬಡಿಸಿದಳೆಂದು ಹೇಸಿ, ಕತ್ತಿ ಹಿರಿದು ಅವಳನ್ನು ಕೊಂದುಬಿಟ್ಟ. ಅಕ್ಕ ಸೂರ್ಯದೇವಿ "ಇನ್ನು ನಿನ್ನ ಮುಖ ನೋಡೆನು" ಎಂದಳು. ಅಂದಿನಿಂದ ಅವಳು ಹಗಲಿಗೆ, ಇವನು ಇರುಳಿಗೆ. ಈ ಕಥೆಯನ್ನು ವರ್ಷವರ್ಷವೂ ಹೇಳುತ್ತಿದ್ದ ಅರ್ಚಕನಿಗೆ ಅದರ ಬಿಸಿ ತಾಗಿರಲೇ ಇಲ್ಲ.

ಒಂದು ಮಳೆಗಾಲ ಅವನ ಒಬ್ಬಳೇ ಮಗಳು ಚಿಯೊ ಜ್ವರ ಬಂದು ಮಲಗಿದಳು. ಏನು ಕೊಟ್ಟರೂ ವಾಂತಿ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಮುಚ್ಚಿಟ್ಟ ಬಟ್ಟಲಲ್ಲಿ ಗಂಜಿ ಕಂಡಿತು. ತಾಯಿ ಹಿಂದುಮುಂದು ನೋಡದೆ ಕುಡಿಸಿದಳು, ಹೊಟ್ಟೆಯಲ್ಲಿ ನಿಂತಿತು. ಮೂರು ದಿನ ಹೀಗೆಯೇ ಆಗಿ ಮಗಳು ಎದ್ದು ಕೂತಳು. ಅರ್ಚಕನಿಗೆ ಅಷ್ಟು ಸಾಲದು; ಬೇಯಿಸಿದವರು ಯಾರೆಂದು ನೋಡಲು ನಾಲ್ಕನೆಯ ದಿನ ಬಾಗಿಲಲ್ಲಿ ಕಾದು ನಿಂತ. ಬಂದವಳು ಹೊಳೆದಂಡೆಯ ಓಕಿನು, ಸತ್ತ ದನಗಳ ಚರ್ಮ ಸುಲಿಯುವವಳು! ಬಟ್ಟಲನ್ನು ಕಿತ್ತು ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದ. ಅವಳು ಇಳಿದು ಹೋದಳು.

ಚಿಯೊಗೆ ಮತ್ತೆ ಏನೂ ಒಳಗಿಳಿಯಲಿಲ್ಲ. ಮೂರನೆಯ ದಿನ ಒಡೆದ ತುಟಿಗಳಲ್ಲಿ, "ಅಪ್ಪಾ, ಕೊಂದ ಮೇಲೆ ಚಂದ್ರದೇವರಿಗೆ ಹಸಿವಾಗಲಿಲ್ಲವಾ?" ಎಂದು ಕೇಳಿದಳು. ಅರ್ಚಕ ತಟ್ಟನೆ ಎದ್ದ. ಹೊಳೆದಂಡೆಗೆ ಓಡಿ, ಓಕಿನುವಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, "ತಾಯೀ, ನನ್ನ ಮಗಳಿಗೆ ಒಂದಿಷ್ಟು ಗಂಜಿ..." ಎಂದ.

ಅವಳು ಒಲೆ ಊದುತ್ತ ತಿರುಗಿಯೂ ನೋಡಲಿಲ್ಲ. "ಯಾರ ಮಗಳು ಅಂತ ನಾನು ಕೇಳಿದ್ದೆನೇ? ಕೂತುಕೊಳ್ಳಿ, ಇನ್ನೇನು ಬೆಂದಿತು. ನೀವೂ ಒಂದು ಗುಟುಕು ಕುಡಿಯಿರಿ, ಮುಖ ಬಾಡಿದೆ."

ಅವನು ಆ ನೆಲದ ಮೇಲೆಯೇ ಕೂತು, ಅಳುತ್ತ ಕುಡಿದನಂತೆ.

ಚಿಯೊ ಬದುಕಿದಳು. ಮುಂದೆ ಆ ಬಿದಿರಿನ ತೆರೆ ಕಟ್ಟಿಸಿದವಳು ಅವಳೇ. ಒಡೆದ ಬಟ್ಟಲಿನ ಚೂರುಗಳನ್ನು ಅರ್ಚಕ ಆ ಮೆಟ್ಟಿಲಲ್ಲಿಯೇ ಕೂರಿಸಿದ. ಬಂದವರಿಗೆ ಇಂದಿಗೂ ಕಾಣುತ್ತವೆ. ಅಲ್ಲಿ ಕೂತು ಕುಡಿಯುವಾಗ ಕೆಲವರ ನಾಲಿಗೆಯ ತುದಿಗೆ ಪ್ರಶ್ನೆ ಬಂದೇ ಬರುತ್ತದೆ. ಕಾಲ ಬಳಿಯ ಚೂರುಗಳನ್ನು ನೋಡುತ್ತಾರೆ, ಗಂಜಿಯ ಜೊತೆಗೆ ಆ ಪ್ರಶ್ನೆಯನ್ನೂ ನುಂಗಿಕೊಳ್ಳುತ್ತಾರೆ.