ಬೆನ್ನು ಖಾಲಿಯಿದ್ದ ಫೋಟೋ

"ಮಾಸ್ತರೇ, ಬಸ್‌ಸ್ಟ್ಯಾಂಡು ಯಾರಪ್ಪನ ಮನೆಯೂ ಅಲ್ಲ. ಎಲ್ಲರೂ ನೋಡುವ ಜಾಗದಲ್ಲಿ ಕೂತವರ ಫೋಟೋ ತೆಗೆಯಲು ಅಪ್ಪಣೆ ಯಾಕೆ ಬೇಕು?"

ಶಾಂಭವಿ ಸಿಟ್ಟಿನಲ್ಲಿದ್ದಳು. ಪಂಪಣ್ಣ ಮಾಸ್ತರರ ಬಳಿ ಫೋಟೋ ತೆಗೆಯುವುದನ್ನು ಕಲಿಯಲು ಸೇರಿ ಮೂರು ತಿಂಗಳಾಗಿತ್ತು. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಛತ್ರಿ ರಿಪೇರಿ ಮಾಡುವ ಅಜ್ಜನೊಬ್ಬನ ಫೋಟೋ ತೆಗೆದಿದ್ದಳು. ಅಜ್ಜ ಗದರಿ, ಕೈಯಲ್ಲಿದ್ದ ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದಿದ್ದ. ಅಷ್ಟರಲ್ಲಿ ಫೋಟೋ ತೆಗೆದಾಗಿತ್ತು.

ಮಾಸ್ತರರು ಅವಳು ಮುದ್ರಿಸಿ ತಂದ ಫೋಟೋ ನೋಡಿದರು. "ಬೆಳಕು ಚೆನ್ನಾಗಿ ಹಿಡಿದಿದ್ದೀ, ಶಭಾಷ್. ಈಗ ಬಾಯಿ ಮುಚ್ಚಿಕೊಂಡು ಒಂದು ಕತೆ ಕೇಳು ತಂಗೀ" ಎಂದು ಹೇಳತೊಡಗಿದರು.

ನಮ್ಮ ಹೊಳೆಗೆ ಸೇತುವೆ ಇಲ್ಲದ ಕಾಲ ಅದು. ಜನ ಹರಿಗೋಲು ಹತ್ತಿ ದಾಟುತ್ತಿದ್ದರು. ದಡದಲ್ಲಿ ಒಬ್ಬ ಫೋಟೋದವನ ಅಂಗಡಿಯಿತ್ತು. ಅವನು ಯಾರನ್ನೇ ಆಗಲಿ, ಮೊದಲು ಕೇಳುತ್ತಿದ್ದ. ಕೇಳಿದರೆ ಏನಾಗುತ್ತಿತ್ತು ಗೊತ್ತೇನು? ಒಬ್ಬ ರುಮಾಲು ಸುತ್ತಿಕೊಂಡು ಬರುತ್ತೇನೆಂದು ಮನೆಗೆ ಹೋಗಿ ಹೊತ್ತು ಇಳಿದ ಮೇಲೆ ಬರುತ್ತಿದ್ದ. ಒಬ್ಬಳು ಅಜ್ಜಿ, ಮೊದಲು ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟು, ಅವನು ತಿಂದ ಮೇಲೆಯೇ ಮುಖ ಎತ್ತಿದಳು. ಆಯುಸ್ಸು ಕಡಿಮೆಯಾಗುತ್ತದೆ, ಬೇಡಪ್ಪಾ ಎಂದವರೂ ಇದ್ದರು. ಆಗ ಅವನು ಕೈಮುಗಿದು ಸುಮ್ಮನಾಗುತ್ತಿದ್ದ. ಅಯ್ಯೋ, ಎಂಥ ಪುರುಸೊತ್ತಿನ ಕಾಲ! ಈಗ ನೀವು ಟಕ್ ಎಂದು ಒತ್ತಿ ಹೋಗುತ್ತೀರಿ.

ಅವನದೊಂದು ಪದ್ಧತಿಯಿತ್ತು. ಪ್ರತಿ ಫೋಟೋದ ಬೆನ್ನಿನ ಮೇಲೆ ಅವರ ಹೆಸರು, ಊರು, ಕೇಳಿದಾಗ ಅವರು ಆಡಿದ ಮಾತು, ಮೂರನ್ನೂ ಬರೆಯುತ್ತಿದ್ದ. 'ಗೌರಜ್ಜಿ, ಹೊಳೆ ಆಚೆಯ ಹಳೇಕೇರಿ, ಹಲ್ಲಿಲ್ಲ ನಗಿಸಬೇಡ ಎಂದಳು.' ಹೀಗೆ.

ಒಂದು ದಿನ ಹರಿಗೋಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕೆನ್ನೆಯ ಮೇಲೆ ನೀರು ಸಿಡಿದಾಗ ಗಟ್ಟಿಯಾಗಿ ನಕ್ಕಳು. ಕೇಳಲು ಹೋದರೆ ಸೆರಗು ಹೊದ್ದುಕೊಳ್ಳುತ್ತಾಳೆ, ನಗು ಹೋಗುತ್ತದೆ ಎಂದು ಅವನಿಗೆ ಅನ್ನಿಸಿತು. ಆತುರಗಾರನಿಗೆ ಬುದ್ಧಿ ಮಟ್ಟ. ಕೇಳದೆಯೇ ತೆಗೆದ. ಅವಳು ಹರಿಗೋಲು ಇಳಿದು ಜನರ ನಡುವೆ ಹೊರಟುಹೋದಳು.

ಅವನ ಜನ್ಮದಲ್ಲೇ ಅಂಥ ಫೋಟೋ ಬಂದಿರಲಿಲ್ಲ. ದೊಡ್ಡದು ಮಾಡಿಸಿ ಅಂಗಡಿಯ ಮುಂದೆ ತೂಗುಹಾಕಿದ. ನೋಡಿದವರೆಲ್ಲ ಹೊಗಳಿದರು. ಅವನೂ ಸ್ವಲ್ಪ ಉಬ್ಬಿದ, ಸುಳ್ಳೇಕೆ.

ಎರಡು ವರ್ಷದ ಮೇಲೆ ಒಬ್ಬ ನೇಕಾರ ಅಂಗಡಿಯ ಮುಂದೆ ನಿಂತ. ನಿಂತವನು ಅಳತೊಡಗಿದ.

"ಇವಳು ನಮ್ಮಕ್ಕ. ಮದುವೆಯ ವಿಷಯಕ್ಕೆ ಅಪ್ಪ ಹೊಸ್ತಿಲು ತುಳಿಯಬೇಡ ಎಂದ. ಹೋದವಳು ಹನ್ನೆರಡು ವರ್ಷವಾದರೂ ತಿರುಗಿ ನೋಡಲಿಲ್ಲ. ಈಗ ಅಪ್ಪನಿಲ್ಲ. ಅವ್ವ ಹಾಸಿಗೆ ಹಿಡಿದಿದ್ದಾಳೆ, ಇವಳಿಗಾಗಿಯೇ ಜೀವ ಹಿಡಿದುಕೊಂಡಿದ್ದಾಳೆ. ಅಣ್ಣಾ, ಯಾವ ಊರಲ್ಲಿದ್ದಾಳೆ ಹೇಳು."

ಈ ಅಂಗಡಿಯಲ್ಲಿ ಪ್ರತಿ ಫೋಟೋದ ಬೆನ್ನಿನ ಮೇಲೆ ಹೆಸರು, ಊರು ಬರೆದಿರುತ್ತದೆ ಎಂದು ನೇಕಾರ ಜನರಿಂದ ಕೇಳಿದ್ದ. ತಾನೇ ಕೈಚಾಚಿ ಅಕ್ಕನ ಫೋಟೋ ಇಳಿಸಿ ತಿರುಗಿಸಿದ. ಬೆನ್ನು ಖಾಲಿ.

"ಮಾತಾಡಿಸಲಿಲ್ಲವೇ ಅಣ್ಣಾ?" ಎಂದ.

ಫೋಟೋದವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೊದಲು ಒಂದು ಪ್ರತಿ ಮಾಡಿ ನೇಕಾರನ ಕೈಗೆ ಕೊಟ್ಟ. ತಾನೊಂದು ಹಿಡಿದುಕೊಂಡು ಅಂಗಡಿ ಮುಚ್ಚಿ ಎರಡೂ ದಡದ ಊರೂರು ತಿರುಗಿದ. ಹರಿಗೋಲಿನವನು ನೋಡಿದ ನೆನಪಿದೆ ಎಂದ, ಅಷ್ಟೇ. ಎರಡು ತಿಂಗಳ ಮೇಲೆ ನೇಕಾರ ತಲೆ ಬೋಳಿಸಿಕೊಂಡು ಬಂದ. ತಾಯಿಯ ತಿಥಿ ಮುಗಿದಿತ್ತು.

"ಅವ್ವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಫೋಟೋ ಎದೆಯ ಮೇಲಿಟ್ಟುಕೊಂಡು ಒಂದೇ ಮಾತು ಕೇಳುತ್ತಿದ್ದಳು, ಎಲ್ಲಿದ್ದಾಳಂತೆ, ಎಲ್ಲಿದ್ದಾಳಂತೆ ಎಂದು" ಎಂದು ಹೇಳಿ, ಫೋಟೋ ಬೆಂಚಿನ ಮೇಲಿಟ್ಟು ಹೋದ. ಅದರ ಬೆನ್ನು ಇವತ್ತಿಗೂ ಖಾಲಿಯೇ ಇದೆ.

ಮಾಸ್ತರರು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಶಾಂಭವಿಗೆ ಇನ್ನೂ ಸೋಲಲು ಮನಸ್ಸಿರಲಿಲ್ಲ.

"ಆದರೆ ಮಾಸ್ತರೇ, ಕೇಳಿದ್ದರೆ ಆ ನಗು ಸಿಗುತ್ತಿರಲಿಲ್ಲ."

"ಸಿಗುತ್ತಿರಲಿಲ್ಲ, ನಿಜ" ಎಂದರು ಮಾಸ್ತರರು. ಅವಳು ತಂದ ಫೋಟೋವನ್ನು ಎತ್ತಿಕೊಂಡು ಬೋರಲು ಹಾಕಿದರು. ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದರು.

"ಆ ಛತ್ರಿ ಅಜ್ಜನ ಹೆಸರೇನು, ಬರಿ."