ಕಾಡುಪಾಪದ ಕೈಕಾಲು ಸೊರಗಿದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬಂಡೆಯನ್ನು ಒತ್ತಿದರೆ ಬೆರಳ ಗುರುತು ಉಳಿಯುತ್ತಿತ್ತು. ಮರ ಮಾತಾಡುತ್ತಿತ್ತು, ಹಳ್ಳ ಓಗೊಡುತ್ತಿತ್ತು. ಆಗಿನ ಕಾಡುಪಾಪಗಳು ಈಗಿನ ಹಾಗೆ ಕಡ್ಡಿ ಕೈಕಾಲಿನವಲ್ಲ. ಗುಂಡಗಿದ್ದವು, ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತಿದ್ದವು. ಕಣ್ಣು ಮಾತ್ರ ಹುರುಳಿಕಾಳಿನಷ್ಟು.

ಹಳ್ಳದ ದಡದ ಹುಣಸೆಮರದಲ್ಲಿ ಸಣ್ಣೀರಿ ಎಂಬ ಕಾಡುಪಾಪ ಇದ್ದಳು. ಚೊಚ್ಚಲ ಬಸುರಿ. ಹೊಟ್ಟೆಯಲ್ಲಿ ಅವಳಿ ಕೂಸುಗಳು. ಅತ್ತೆ ದ್ಯಾವವ್ವ ನೆಂಟರನ್ನೆಲ್ಲ ಕರೆದು ಸೊಸೆಯ ಮಡಿಲು ತುಂಬಿಸಿದಳು. ಕಾರೆಹಣ್ಣು, ಎಲಚಿಹಣ್ಣು, ಜೇನುತಟ್ಟಿಯ ಚೂರು, ಕೊಬ್ಬಿದ ಮಿಡತೆ. ತಲೆಗೆ ತಂಗಡಿ ಹೂವನ್ನೂ ಮುಡಿಸಿದಳು.

ನೆಂಟರು ಹರಸಿ ಹೋದದ್ದೇ ತಡ, ದ್ಯಾವವ್ವ ಸೊಸೆಯ ಮಡಿಲಲ್ಲಿದ್ದುದನ್ನೆಲ್ಲ ಬಾಚಿ ಮರದ ಪೊಟರೆಯೊಳಗಿಟ್ಟಳು. ಸೊಸೆಯ ಕೈಗೆ ಬಂದದ್ದು ಒಂದೇ ಒಂದು ಕಾರೆಹಣ್ಣು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು.

"ಅತ್ತೆಮ್ಮ, ಇನ್ನೊಂದ್ ಕೊಡಿ. ಬಾಳ ಹಸಿವಾಯ್ತದೆ."

"ಬ್ಯಾಡ ಕಣವ್ವ. ನೀನ್ ಉಂಡಷ್ಟೂ ಕೂಸು ದಪ್ಪಾಯ್ತದೆ. ದಪ್ಪಾದ್ರೆ ಹೆರಕ್ಕಾಗಲ್ಲ. ನನ್ ಮಗಳು ಹಂಗೇ ಹೋದ್ಲು."

ದ್ಯಾವವ್ವ ಕೆಟ್ಟವಳಲ್ಲ, ಮಕ್ಕಳೇ. ಮಗಳು ಹೆರಿಗೆಯಲ್ಲಿ ಸತ್ತದ್ದನ್ನು ಕಣ್ಣಾರೆ ಕಂಡವಳು. ಸೊಸೆಯಾದರೂ ಉಳಿಯಲಿ ಎಂದೇ ಪೊಟರೆಯ ಬಾಯಲ್ಲಿ ಕಾವಲು ಕೂತಳು. ಆದರೆ ಹೆದರಿಕೆ ಅವಳ ಬುದ್ಧಿಯನ್ನು ತಿಂದುಹಾಕಿತ್ತು.

ಒಂದು ದಿನ ಸಣ್ಣೀರಿಯ ಹೊಟ್ಟೆಯೊಳಗಿನಿಂದ ಎರಡು ಸಣ್ಣ ದನಿ ಕೇಳಿದವು.

"ಅವ್ವಾ, ಹಸಿವು."

"ತಾಳ್ರಪ್ಪ. ಏನೂ ಇಲ್ಲ."

"ನಿನ್ ಕೈಯಿಂದ ಒಸಿ ತಗೊಳ್ಳಾನಾ?"

"ತಗೊಳ್ಳಿ."

ಅವಳ ಕೈ ಸೊರಗಿತು. ನಾಲ್ಕು ದಿನ ಕಳೆದು ಮತ್ತೆ ದನಿ. "ಅವ್ವಾ, ಹಸಿವು."

"ಕಾಲಿಂದ ತಗೊಳ್ಳಿ."

ಕಾಲೂ ಸೊರಗಿತು. ಜಿಗಿಯುತ್ತಿದ್ದವಳು ಕೊಂಬೆಯನ್ನು ಬಿಗಿಯಾಗಿ ಹಿಡಿದು ಒಂದೊಂದೇ ಹೆಜ್ಜೆ ಇಡತೊಡಗಿದಳು.

ಹುಣಸೆಮರಕ್ಕೆ ನೋಡಲಾಗಲಿಲ್ಲ. "ಹುಚ್ಚಿ, ಬೇರಿಗೆ ನೀರಿಲ್ದಿದ್ರೆ ನನ್ ಕಾಯೂ ಜೊಳ್ಳಾಯ್ತವೆ. ಕದ್ದಾದ್ರೂ ತಿನ್ನು" ಎಂದಿತು.

"ಅತ್ತೆಮ್ಮ ನನ್ ಒಳ್ಳೇದಕ್ಕೇ ಹೇಳ್ತಾರೆ" ಎಂದಳು ಸಣ್ಣೀರಿ. ಹಿರಿಯರ ಮಾತು ಮೀರುವ ಧೈರ್ಯ ಅವಳಿಗಿರಲಿಲ್ಲ.

ಮೂರನೆಯ ಸಲ "ಅವ್ವಾ, ಹಸಿವು" ಎಂದದ್ದು ಒಂದೇ ದನಿ. ಸಣ್ಣೀರಿ ಹೊಟ್ಟೆಗೆ ಕೈಯಿಟ್ಟು ಇನ್ನೊಂದನ್ನು ಕರೆದಳು. ಕರೆದೇ ಕರೆದಳು. ಅದು ಓಗೊಡಲಿಲ್ಲ.

ಹೆರಿಗೆಯೇನೂ ಹಗುರವಾಗಲಿಲ್ಲ. ತಿಣುಕಲು ಮೈಯಲ್ಲಿ ಕಸುವೇ ಇಲ್ಲ. ಎರಡು ಹಗಲು ಒದ್ದಾಡಿದಳು. ಮೊದಲು ಬಂದ ಕೂಸು ಉಸಿರಾಡಲಿಲ್ಲ. ಎರಡನೆಯದು ಉಸಿರಾಡಿತು. ಅದರ ಕೈಕಾಲು ಕಡ್ಡಿಯ ಹಾಗಿದ್ದವು. ಕಣ್ಣು ಮಾತ್ರ ಹಣತೆಯಷ್ಟು ದೊಡ್ಡವು, ಸುತ್ತ ಕಪ್ಪು. ಬಸಿರಿನ ಕತ್ತಲಲ್ಲಿ ಕೂಳು ಎಲ್ಲಿಂದ ಬರುತ್ತದೋ ಎಂದು ನೋಡಿ ನೋಡಿ ಅಗಲವಾದ ಕಣ್ಣುಗಳು ಅವು.

ದ್ಯಾವವ್ವ ಪೊಟರೆಗೆ ಕೈ ಹಾಕಿದಳು. ಹಣ್ಣು ಕೊಳೆತಿದ್ದವು. ಜೇನಿಗೆ ಇರುವೆ ಮುತ್ತಿತ್ತು. ಎಲ್ಲವನ್ನೂ ಬಾಚಿ ತಂದು ಸೊಸೆಯ ಮಡಿಲಿಗೆ ಸುರಿದಳು.

"ತಿನ್ನವ್ವ. ಎಲ್ಲಾ ನಿಂದೇ."

ಸಣ್ಣೀರಿ ಅಳಲಿಲ್ಲ. ಒಂದು ಕೈಯಲ್ಲಿ ಬದುಕಿದ ಕೂಸನ್ನು ಅವಚಿಕೊಂಡು, ಇನ್ನೊಂದು ಕೈಯಲ್ಲಿ ಕೊಳೆತದ್ದನ್ನೂ ಇರುವೆಯನ್ನೂ ಎತ್ತಿ ತಿಂದಳು. ಮಡಿಲು ಬರಿದಾದ ಮೇಲೆ ತಲೆಯೆತ್ತಿದಳು.

"ಅತ್ತೆಮ್ಮ, ಇನ್ಮ್ಯಾಕೆ ಬಸುರಿ ಉಣ್ಣೋ ಕೈಗೆ ಯಾರೂ ಅಡ್ಡ ಬರಬ್ಯಾಡಿ."

ದ್ಯಾವವ್ವ ಸತ್ತ ಕೂಸನ್ನು ಎದೆಗೊತ್ತಿಕೊಂಡು ಮರ ಇಳಿದು ಹೋದಳು. ಮತ್ತೆ ಆ ಮರ ಹತ್ತಲಿಲ್ಲ.

ಈಗಿನ ಕಾಡುಪಾಪಗಳೆಲ್ಲ ಆ ಬದುಕಿದ ಕೂಸಿನ ಸಂತತಿ. ಅಂದಿನಿಂದ ಇಂದಿನವರೆಗೂ ಕಾಡುಪಾಪ ಒಂಟಿಯಾಗಿಯೇ ಮೇಯುತ್ತದೆ. ಮುಚ್ಚಂಜೆ ಹೊತ್ತಿಗೆ ಹುಣಸೆಮರದಲ್ಲಿ ಅದು ಕಡ್ಡಿ ಕಾಲೆಳೆಯುತ್ತ ಬಂದು, ದೊಡ್ಡ ಕಣ್ಣು ಬಿಟ್ಟು, ಸಿಕ್ಕ ಹುಳವನ್ನು ಎರಡೂ ಕೈಯಲ್ಲಿ ಹಿಡಿದು ಅವಸರದಿಂದ ತಿನ್ನುವುದು ಕಂಡರೆ, ನೀವು ಗದ್ದಲ ಮಾಡಬೇಡಿ. ಅದನ್ನು ಉಣ್ಣಲು ಬಿಡಿ.