ದುಂಡಕ್ಕನ ಸೋರುವ ಪೀಪಾಯಿ

ಒಂದು ಕಾಡಿನಲ್ಲಿ, ಕುಡಿದವರಿಗೆ ಸೀನು ಬಂದರೆ ಮಾತ್ರ ರಸ ಚೆನ್ನಾಗಿದೆ ಎಂಬ ಪದ್ಧತಿ ಇತ್ತು. ಬೇಸಿಗೆ ಕಳೆದು ಮೊದಲ ಗುಡುಗು ಕೇಳಿಸಿದ ದಿನ ಪ್ರಾಣಿಗಳೆಲ್ಲ ಬಂಡೆಯ ಬಯಲಿನಲ್ಲಿ ಸೇರುತ್ತಿದ್ದವು. ಇಪ್ಪೆ ಹೂವಿಗೆ ಜೇನು ಬೆರೆಸಿ ಹುಳಿ ಬರಿಸಿದ ರಸವನ್ನು ಆನೆಯಜ್ಜಿಗೆ ಕೊಡುತ್ತಿದ್ದವು. ಯಾರ ರಸಕ್ಕೆ ಅಜ್ಜಿ ಸೀನುತ್ತಾಳೋ ಅವರಿಗೆ ಆ ಮಳೆಗಾಲವೆಲ್ಲ ಬೆಟ್ಟದ ಗುಹೆ. ಇಡೀ ಕಾಡಿನಲ್ಲಿ ನೀರು ಸೋರದ ಗುಹೆ ಅದೊಂದೇ.

ದುಂಡಕ್ಕ ಎಂಬ ಕರಡಿಗೆ ಆ ಗುಹೆ ಬೇಕೇಬೇಕಿತ್ತು. ಅವಳಿಗೆ ಎರಡು ಮರಿಗಳು. ಹಿಂದಿನ ವರ್ಷ ಸೋತು ಮರದ ಕೆಳಗೆ ಮಳೆಗಾಲ ಕಳೆದಿದ್ದರು. ಚಿಕ್ಕ ಮರಿ ನೆನೆದು ನೆನೆದು ಮಳೆ ನಿಲ್ಲುವವರೆಗೂ ಕೆಮ್ಮಿತ್ತು. ಆ ಕೆಮ್ಮು ಕೇಳುತ್ತ ಎಚ್ಚರವಿದ್ದ ತಾಯಿಗೆ ಗುಹೆಯ ಬೆಲೆ ಗೊತ್ತು. "ಈ ಸಲ ಏನೇ ಆಗ್ಲಿ, ಬಿಡೋದಿಲ್ಲ" ಎಂದು ಅವಳು ಹಟ ತೊಟ್ಟಳು.

ಕಾಡು ನೋಡಲು ಬಂದವರು ಬಿಟ್ಟುಹೋಗಿದ್ದ ಎರಡು ಪ್ಲಾಸ್ಟಿಕ್ ಪೀಪಾಯಿಗಳಲ್ಲಿ ಒಂದು ಅವಳ ಹತ್ತಿರ ಇತ್ತು. ಮೇಲೆ ತಿರುಗಿಸಿ ಹಾಕುವ ಮುಚ್ಚಳ, ಮುಚ್ಚಳದ ಒಳಗೆ ಕಪ್ಪು ರಬ್ಬರಿನ ವಾಷರ್, ಕೆಳಗೆ ಒಂದು ನಲ್ಲಿ. ರಸ ಹುಳಿ ಬರುವಾಗ ಗಾಳಿ ಹುಟ್ಟುತ್ತದೆ. ಆ ಗಾಳಿ ಪೀಪಾಯಿಯಲ್ಲೇ ನಿಂತರೆ ರಸ ಬುಸ್ಸೆಂದು ನೊರೆಯುತ್ತದೆ. ಗಾಳಿ ಹೋಯಿತೋ, ಉಳಿಯುವುದು ಸಪ್ಪೆ ನೀರು.

ಇನ್ನೊಂದು ಪೀಪಾಯಿ ಪುನುಗಪ್ಪ ಎಂಬ ಪುನುಗು ಬೆಕ್ಕಿನದು. ಹಿಂದಿನ ವರ್ಷ ಗುಹೆ ಗೆದ್ದವನು ಅವನೇ. ಕೆಲಸದಲ್ಲಿ ಸೋಮಾರಿ, ಮಾತಿನಲ್ಲಿ ಬೆಣ್ಣೆ. ಒಂದು ದಿನ ಅವನು ದುಂಡಕ್ಕನ ಪೀಪಾಯಿಯನ್ನು ಸುತ್ತು ಹಾಕಿ ನೋಡಿದ.

"ಅಕ್ಕಾ, ನಿನ್ನ ವಾಷರ್ ಹಳೇದಾಯ್ತು. ನನ್ನ ಹತ್ರ ಹೊಸಾದು ಇದೆ, ತಗೋ. ಹಳೇದನ್ನ ನಾನೇ ಎಸೀತೀನಿ."

"ನಿನಗ್ಯಾಕಪ್ಪಾ ತೊಂದರೆ?"

"ಚಿಕ್ಕ ಮಕ್ಕಳ ತಾಯಿ ನೀನು. ಇಷ್ಟೂ ಮಾಡದಿದ್ರೆ ನಾನೆಂಥ ತಮ್ಮ?"

ಪಾಪ, ದುಂಡಕ್ಕ ನಂಬಿದಳು. ಅವನು ಕೊಟ್ಟದ್ದು ಅವನ ಪೀಪಾಯಿಯಲ್ಲಿದ್ದಂಥದ್ದೇ ಕೆಂಪು ಬಣ್ಣದ್ದು, ಹೊಳೆಯುತ್ತಿತ್ತು. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳಿದ್ದುದು ಅವಳಿಗೆ ಕಾಣಲಿಲ್ಲ. ಎಸೆಯುತ್ತೇನೆ ಎಂದವನು ಅವಳ ಗಟ್ಟಿ ವಾಷರನ್ನು ನೇರ ತನ್ನ ಪೊಟರೆಗೆ ಒಯ್ದ.

ಕೆಲವು ದಿನ ಕಳೆದು ದುಂಡಕ್ಕ ನಲ್ಲಿ ತಿರುಗಿಸಿ ರುಚಿ ನೋಡಿದಳು. ರಸ ತೊಟ್ಟು ತೊಟ್ಟಾಗಿ ಇಳಿಯಿತು. ನೊರೆ ಇಲ್ಲ, ಬುಸ್ಸಿಲ್ಲ. ಪುನುಗಪ್ಪನನ್ನು ಕೇಳಿದರೆ, "ಬಿಗಿ ಸಾಲದು ಅಕ್ಕಾ. ಇನ್ನೂ ತಿರುಗಿಸು" ಎಂದ.

ಕರಡಿಯ ಕೈಬಲ ಕೇಳಬೇಕೇ! ಅವಳು ಹಲ್ಲು ಕಚ್ಚಿ ತಿರುಗಿಸಿದಳು. ವಾಷರ್ ಹಿಂಡಿಹೋಗಿ ಸೀಳು ಇನ್ನಷ್ಟು ಬಾಯಿ ಬಿಟ್ಟಿತು. ಗಾಳಿ ಮೊದಲಿಗಿಂತ ಜೋರಾಗಿ ಹೋಯಿತು. ಬಿಗಿ ಮಾಡಿದಷ್ಟೂ ಸೋರುವ ಪೀಪಾಯಿಯ ಮುಂದೆ ಕುಳಿತು ಅವಳು ಅತ್ತೇಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ಅತ್ರೆ ಗಾಳಿ ವಾಪಸ್ ಬರುತ್ತಾ?" ಎಂದು ತನ್ನನ್ನೇ ಬೈದುಕೊಂಡಳು.

ಕೈಯೆಲ್ಲ ಜೇನಿನ ಅಂಟು. ತೊಳೆಯೋಣವೆಂದು ಅಂಟುವಾಳದ ಕಾಯಿ ಉಜ್ಜಿದಳು. ಕೈ ಕೊಡವಿದಾಗ ನೊರೆ ಮುಚ್ಚಳದ ಮೇಲೆ ಬಿತ್ತು. ಒಂದು ಕಡೆ ಮಾತ್ರ ಅದು ಪುಳಕ್ ಪುಳಕ್ ಎಂದು ಗುಳ್ಳೆಯಾಗಿ ಉಬ್ಬತೊಡಗಿತು.

ದುಂಡಕ್ಕ ಎದ್ದು ನಿಂತಳು. ನಲ್ಲಿಯ ಬುಡಕ್ಕೆ ನೊರೆ ಹಚ್ಚಿದಳು, ಗುಳ್ಳೆ ಇಲ್ಲ. ಪೀಪಾಯಿಯ ಹೊಟ್ಟೆಗೆ ಹಚ್ಚಿದಳು, ಅಲ್ಲೂ ಇಲ್ಲ. ಸೋರುವುದು ಮುಚ್ಚಳದ ಅದೊಂದೇ ಜಾಗದಲ್ಲಿ. ಬಿಚ್ಚಿ ನೋಡಿದರೆ ಸೀಳಿದ ವಾಷರ್! ಅವಳಿಗೆ ಮೈಯೆಲ್ಲ ಉರಿಯಿತು. ಸೀದಾ ಪುನುಗಪ್ಪನ ಮರದ ಬುಡಕ್ಕೆ ಹೋದಳು.

"ನನ್ನ ವಾಷರ್ ಕೊಡು. ನೀನು ಕೊಟ್ಟಿದ್ದು ಒಡಕಲು."

"ನಾನು ಕೊಟ್ಟಾಗ ಸರಿಯಾಗೇ ಇತ್ತು. ಕರಡಿ ಕೈಗೆ ಸಿಕ್ಕಿದ್ದು ಉಳಿಯುತ್ತಾ? ನಿನ್ನದನ್ನ ಅವತ್ತೇ ಎಸೆದೆ" ಎಂದು ಅವನು ಕೊಂಬೆಯ ಮೇಲಿಂದಲೇ ಆಕಳಿಸಿದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುವುದು ಸುಮ್ಮನೆ ಅಲ್ಲ.

ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಜಗಳಕ್ಕೆ ಸಮಯವಿರಲಿಲ್ಲ. ದುಂಡಕ್ಕ ಮನೆಗೆ ಬಂದು ಜೇನುಮೇಣಕ್ಕೆ ಹೊಂಗೆ ಎಣ್ಣೆ ಬೆರೆಸಿ ಮಿದ್ದಳು. ಸೀಳಿಗೆ ಮೆತ್ತಿದಳು, ವಾಷರಿನ ಸುತ್ತಲೂ ತೆಳ್ಳಗೆ ಸವರಿದಳು. ಮುಚ್ಚಳ ಬಿಗಿದು ನೊರೆ ಹಚ್ಚಿದರೆ ಮತ್ತೆ ಗುಳ್ಳೆ! ಬಿಗಿತಕ್ಕೆ ಮೇಣವೆಲ್ಲ ಹೊರಗೆ ಬಂದಿತ್ತು. ಬಿಚ್ಚಿದಳು, ಒರೆಸಿದಳು, ಮತ್ತೆ ಮೆತ್ತಿದಳು. ಈ ಸಲ ಮರಿಯ ಕಿವಿ ಹಿಡಿದಷ್ಟೇ ಮೆಲ್ಲಗೆ ತಿರುಗಿಸಿ, ಮುಚ್ಚಳ ಕೂತ ಕೂಡಲೆ ನಿಲ್ಲಿಸಿದಳು. ನೊರೆ ಹಚ್ಚಿದಳು. ಉಸಿರು ಬಿಗಿಹಿಡಿದು ನೋಡಿದಳು. ಒಂದೂ ಗುಳ್ಳೆ ಬರಲಿಲ್ಲ.

ಹೋದ ಗಾಳಿ ಮತ್ತೆ ಹುಟ್ಟಬೇಕಲ್ಲ? ಒಮ್ಮೆ ಮುಚ್ಚಳ ತೆಗೆದು, ಮರಿಗಳಿಗೆಂದು ಇಟ್ಟಿದ್ದ ಕೊನೆಯ ಜೇನನ್ನೂ ಪೀಪಾಯಿಗೆ ಸುರಿದಳು. ಅದೇ ಹದದಲ್ಲಿ ಮುಚ್ಚಿ ಕಾದಳು.

ಗುಡುಗು ಗುಡುಗಿತು. ಪ್ರಾಣಿಗಳೆಲ್ಲ ಬಯಲಿಗೆ ಬಂದವು. ಪುನುಗಪ್ಪ ಮೀಸೆ ತೀಡುತ್ತ ತನ್ನ ಪೀಪಾಯಿಯ ನಲ್ಲಿ ತಿರುಗಿಸಿದ. ರಸ ಜೊಳಜೊಳ ಇಳಿಯಿತು. ಆನೆಯಜ್ಜಿ ಕುಡಿದು ಮುಖ ಹಿಂಡಿದಳು.

"ಏನೋ ಇದು, ಹೂವು ತೊಳೆದ ನೀರಾ?"

"ಅಜ್ಜೀ, ಹಾಗಾಗೋಕೆ ಸಾಧ್ಯವೇ ಇಲ್ಲ! ಈ ಸಲ ಡಬಲ್ ಬಂದೋಬಸ್ತು ಮಾಡಿದ್ದೆ!"

"ಏನು ಡಬಲ್ಲು? ಬಿಚ್ಚು, ನೋಡೋಣ."

ಅವನು ಹಿಂದೆ ಮುಂದೆ ನೋಡಿದ. ಅಜ್ಜಿಯೇ ಸೊಂಡಿಲಿನಿಂದ ಮುಚ್ಚಳ ತಿರುಗಿಸಿ ತೆಗೆದಳು. ಒಳಗೆ ಒಂದರ ಮೇಲೊಂದು ಎರಡು ವಾಷರ್! ಕೆಳಗೆ ಅವನದೇ ಗಟ್ಟಿ ಕೆಂಪು, ಮೇಲೆ ದುಂಡಕ್ಕನ ಕಪ್ಪು. ಒಂದರ ಮೇಲೆ ಇನ್ನೊಂದು ಜಾರಿ ಮುಚ್ಚಳ ಓರೆಯಾಗಿ ಕೂತಿತ್ತು. ಗಾಳಿಯೆಲ್ಲ ಆ ಸಂದಿನಲ್ಲಿ ಹೋಗಿತ್ತು. ಅತಿ ಆಸೆ ಗತಿ ಕೇಡು!

"ಅದು ನಂದು, ಅಜ್ಜೀ. ಎಸೆದೆ ಅಂದಿದ್ದ" ಎಂದಳು ದುಂಡಕ್ಕ.

"ಒಂದಕ್ಕಿಂತ ಎರಡು ಗಟ್ಟಿ ಅಂದ್ಕೊಂಡೆ..." ಎಂದು ಪುನುಗಪ್ಪ ತೊದಲಿದ. ಕೋತಿಗಳು ಬಿದ್ದು ಬಿದ್ದು ನಕ್ಕವು.

"ನಿಂದು ನೋಡೋಣ, ಮಗಳೇ" ಎಂದಳು ಅಜ್ಜಿ. ದುಂಡಕ್ಕ ನಲ್ಲಿ ತಿರುಗಿಸಿದಳು. ಬುಸ್ಸ್! ಬಿಳಿ ನೊರೆ ಚಿಮ್ಮಿತು. ಅಜ್ಜಿ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಸೊಂಡಿಲು ಮೇಲೆತ್ತಿದಳು. ಆಮೇಲೆ ಬಂದ ಸೀನಿಗೆ ಮರದ ಹಕ್ಕಿಗಳೆಲ್ಲ ಹಾರಿಹೋದವು.

ಮಳೆ ಸುರಿಯತೊಡಗಿತು. ಹಿಂದಿನ ವರ್ಷದಿಂದ ಗುಹೆಯಲ್ಲೇ ಬಿಟ್ಟಿದ್ದ ತನ್ನ ಗಂಟುಮೂಟೆಯನ್ನು ಪುನುಗಪ್ಪ ತಾನೇ ಹೊತ್ತು ಹೊರಗಿಟ್ಟ. ಬಾಗಿಲಲ್ಲಿ ತೊಯ್ದು ನಿಂತು, "ಅಕ್ಕಾ, ಒಂದು ಮೂಲೆ ಕೊಡ್ತೀಯಾ?" ಎಂದ.

"ಕೊಡೋಣ ಅನ್ಸುತ್ತೆ. ಆದರೆ ನಿನ್ನ ಮಾತು ಇನ್ನೊಂದು ಸಲ ನಂಬೋಕೆ ಧೈರ್ಯ ಇಲ್ಲಪ್ಪಾ" ಎಂದಳು ದುಂಡಕ್ಕ. ಪುನುಗಪ್ಪ ಗಂಟು ಹೊತ್ತು ಮಳೆಯಲ್ಲೇ ಹೊರಟ. ಒಳಗೆ ಚಿಕ್ಕ ಮರಿ ಕೆಮ್ಮದೆ ನಿದ್ದೆ ಹೋಗಿತ್ತು. ಅವಳು ಅದರ ಪಕ್ಕದಲ್ಲಿ ಮಲಗಿದಳು.

ನೀತಿ: ಎಲ್ಲಿ ಸೋರುತ್ತಿದೆ ಎಂದು ಹುಡುಕಿದವರು ಒಡಕಲನ್ನೂ ಉಳಿಸಿಕೊಳ್ಳುತ್ತಾರೆ; ಇನ್ನೊಬ್ಬರದನ್ನು ಕದ್ದು ಸೇರಿಸಿಕೊಂಡವರು ತಮ್ಮ ಗಟ್ಟಿಯಾದದ್ದನ್ನೂ ಕಳೆದುಕೊಳ್ಳುತ್ತಾರೆ.